ಬಿಟ್ಟಿ ಆಟದ ಅಂಗಡಿಯಲ್ಲಿ ಏನು ಮಾರ್ತಾರೆ?

ಪುಕ್ಕಟೆ ಸಿಕ್ಕಿದ್ರೆ ನಂಗೊಂದು, ನಮ್ಮಪ್ಪಂಗೊಂದು ಅಂತಾರಲ್ಲ, ಪ್ಲೇ ಸ್ಟೋರ್ ತೆರೆದಾಗೆಲ್ಲ ನೆನಪಾಗೋ ಗಾದೆ ಅದು. ‘ಫ್ರೀ ಆನ್‌ಲೈನ್ ಆರ್‌ಪಿಜಿ’ ಅಂತ ಒಮ್ಮೆ ಹುಡುಕಿ ನೋಡಿ. ಕತ್ತಿ ಹಿಡಿದವರು, ರೆಕ್ಕೆ ಬಂದವರು, ಡ್ರ್ಯಾಗನ್ ಏರಿದವರು ಸಾಲಾಗಿ ನಿಂತಿರ್ತಾರೆ. ಎಲ್ಲವೂ ಫ್ರೀ. ಐದು ಡೌನ್‌ಲೋಡ್ ಮಾಡಿ, ಎರಡು ದಿನ ಆಡಿ, ಡಿಲೀಟ್ ಮಾಡಿ, ‘ಒಂದೂ ಸರಿ ಇಲ್ಲ ಗುರೂ’ ಅನ್ನೋದು ನಮ್ಮ ವಯಸ್ಸಿನ ಎಷ್ಟೋ ಜನರ ಕಥೆ.

ಆಟಗಳು ಕೆಟ್ಟಿವೆ ಅಂತ ನಂಗನ್ನಿಸಲ್ಲ. ನಾವು ಹುಡುಕೋ ಕ್ರಮ ಉಲ್ಟಾ ಇದೆ. ಗ್ರಾಫಿಕ್ಸ್ ನೋಡ್ತೀವಿ, ಸ್ಟಾರ್ ರೇಟಿಂಗ್ ನೋಡ್ತೀವಿ. ಮೊದಲು ನೋಡಬೇಕಾಗಿರೋದು ಆಟದೊಳಗಿನ ಅಂಗಡಿ.

ಆರ್‌ಪಿಜಿ ಗೊತ್ತಿಲ್ಲದವರಿಗೆ ಒಂದು ಮಾತು. ಇದು ವೇಷ ಕಟ್ಟಿ ಆಡೋ ಆಟ. ನೀವೊಂದು ಪಾತ್ರ ಆಗ್ತೀರಿ. ಆ ಪಾತ್ರ ಕೆಲಸ ಕಲಿಯುತ್ತೆ, ಸಾಮಾನು ಕೂಡಿಡುತ್ತೆ, ದಿನೇ ದಿನೇ ಬೆಳೆಯುತ್ತೆ. ಆನ್‌ಲೈನ್ ಆದ್ರೆ ಅದೇ ಲೋಕದಲ್ಲಿ ಬೇರೆಯವರ ವೇಷಗಳೂ ಓಡಾಡ್ತಿರುತ್ತವೆ. ಪಬ್‌ಜಿ ಥರದ ಆಟದಲ್ಲಿ ಅರ್ಧ ಗಂಟೆಗೆ ಮ್ಯಾಚ್ ಮುಗಿದು ಮತ್ತೆ ಸೊನ್ನೆಯಿಂದ ಶುರು. ಇಲ್ಲಿ ಇವತ್ತು ಮಾಡಿದ್ದು ನಾಳೆಗೂ ಇರುತ್ತೆ. ಅದಕ್ಕೇ ಒಂದು ಸಲ ಹಿಡಿಸಿದ್ರೆ ವರ್ಷಗಟ್ಟಲೆ ಬಿಡಲ್ಲ.

ನಾಲ್ಕು ಜನ, ನಾಲ್ಕು ಊರು

ನಮ್ಮದು ಇಂಜಿನಿಯರಿಂಗ್‌ನ ಒಂದೇ ಬ್ಯಾಚಿನ ನಾಲ್ಕು ಜನ. ಈಗ ಒಬ್ಬ ಜರ್ಮನಿ, ಒಬ್ಬಳು ಬೆಂಗಳೂರು, ಒಬ್ಬ ದಾವಣಗೆರೆ, ನಾನು ವರ್ಕ್ ಫ್ರಂ ಹೋಮ್ ಹೆಸರಲ್ಲಿ ಲಕ್ಕವಳ್ಳಿ. ವಾಟ್ಸಾಪ್ ಗ್ರೂಪ್ ಇದೆ, ಆದ್ರೆ ಅಲ್ಲಿ ಬರೋದು ಬರ್ತ್‌ಡೇ ಕೇಕಿನ ಇಮೋಜಿ ಮಾತ್ರ. ವಿಡಿಯೊ ಕಾಲ್ ಮಾಡಿದ್ರೆ ಹತ್ತು ನಿಮಿಷಕ್ಕೆ ‘ಮತ್ತೇನಪ್ಪಾ’ ಶುರುವಾಗುತ್ತೆ. ‘ಮತ್ತೇನಪ್ಪಾ’ ಅಂದ್ರೆ ಮಾತು ಮುಗೀತು ಅಂತ ಅರ್ಥ. ಅವರೆಕಾಳು ಬಿಡಿಸುವಾಗ ಅಮ್ಮ, ಅತ್ತೆ ಎಲ್ಲ ಎಷ್ಟು ಸಲೀಸಾಗಿ ಮಾತಾಡ್ತಾರೆ ನೋಡಿ. ಕೈಗೊಂದು ಕೆಲಸ ಇದ್ರೆ ಬಾಯಿ ತಾನಾಗೇ ಬಿಡುತ್ತೆ. ನಮಗೂ ಅಂಥ ಒಂದು ಕೆಲಸ ಬೇಕಾಗಿತ್ತು. ಭಾನುವಾರ ರಾತ್ರಿ ಒಂದು ಗಂಟೆ, ಒಂದೇ ಆಟ.

ಷರತ್ತುಗಳು ಬೇಕಾದಷ್ಟಿದ್ದವು. ದಾವಣಗೆರೆಯವನ ಹತ್ರ ಇರೋದು ಮಧ್ಯಮ ದರ್ಜೆಯ ಫೋನು, ಅದರ ಮೆಮೊರಿ ತುಂಬಾ ಮಗಳ ವಿಡಿಯೊಗಳು. ಬೆಂಗಳೂರಿನವಳಿಗೆ ಆನ್‌ಕಾಲ್ ಡ್ಯೂಟಿ, ಯಾವ ಕ್ಷಣಕ್ಕಾದ್ರೂ ಎದ್ದು ಹೋಗ್ಬೇಕು. ನಮ್ಮ ರಾತ್ರಿ ಒಂಬತ್ತು ಅಂದ್ರೆ ಜರ್ಮನಿಯಲ್ಲಿ ಚಳಿಗಾಲದ ಸಂಜೆ ನಾಲ್ಕೂವರೆ. ನನ್ನ ಕಡೆ ಭದ್ರಾ ಡ್ಯಾಮು, ಅದರಾಚೆ ಅಭಯಾರಣ್ಯ. ಡ್ಯಾಮಿನ ನೀರು 186 ಅಡಿ ಕಡೆ ಏರೋ ಮಳೆಗಾಲದಲ್ಲಿ ನಮ್ಮನೇಲಿ ಕರೆಂಟು ಹೇಳದೆ ಕೇಳದೆ ಹೋಗುತ್ತೆ. ಇಷ್ಟೆಲ್ಲದಕ್ಕೂ ಒಗ್ಗೋ ಆಟ ಬೇಕು, ದುಡ್ಡೂ ಕೊಡಬಾರದು.

ಜಾತ್ರೆಯ ಲೆಕ್ಕ

ಜಾತ್ರೆಗೆ ಟಿಕೆಟ್ ಇರಲ್ಲ. ಆದ್ರೂ ಜಾತ್ರೆಯಿಂದ ಖಾಲಿ ಜೇಬಲ್ಲಿ ಬರೋರು ಎಷ್ಟು ಜನ! ಫ್ರೀ ಆಟವೂ ಹಾಗೇ. ಸರ್ವರ್ ಬಿಲ್ಲು ಕಟ್ಬೇಕು, ನಮ್ಮಂಥ ಇಂಜಿನಿಯರ್‌ಗಳಿಗೆ ಸಂಬಳ ಕೊಡ್ಬೇಕು. ದುಡ್ಡು ಎಲ್ಲೋ ಹುಟ್ಟಲೇಬೇಕು. ಎಲ್ಲಿ ಹುಟ್ಟುತ್ತೆ ಅನ್ನೋದರ ಮೇಲೆ ಆಟದ ಸ್ವಭಾವವೇ ನಿಂತಿರುತ್ತೆ. ಸುತ್ತಾಡಿ ನೋಡಿದಾಗ ನಾಲ್ಕು ಥರದ ಅಂಗಡಿ ಕಂಡವು.

ಮೊದಲನೇದು ಬಳೆ, ಟೋಪಿ, ಕನ್ನಡಕದ ಅಂಗಡಿ. ಕೊಂಡರೆ ಚೆಂದ ಕಾಣ್ತೀರಿ, ಆಟದಲ್ಲಿ ಬಲ ಹೆಚ್ಚಲ್ಲ. ನ್ಯೂಜಿಲೆಂಡಿನ ‘ಪಾತ್ ಆಫ್ ಎಕ್ಸೈಲ್’ 2013ರಿಂದ ಹೆಚ್ಚೂಕಮ್ಮಿ ಹೀಗೇ ನಡೀತಿದೆ. ವೇಷಭೂಷಣದ ಜೊತೆ ಸಾಮಾನು ಜೋಡಿಸಿಡೋ ಪೆಟ್ಟಿಗೆಗಳನ್ನೂ ಮಾರ್ತಾರೆ. ಬಹಳ ದಿನ ಆಡೋರಿಗೆ ಆ ಪೆಟ್ಟಿಗೆ ಬೇಕೇ ಬೇಕು ಅನ್ನಿಸೋದು ನಿಜ. ಆದ್ರೂ ನ್ಯಾಯವಾದ ವ್ಯಾಪಾರ. ಲ್ಯಾಪ್‌ಟಾಪ್ ಇದ್ದು, ಒಬ್ಬರೇ ಕೂತು ರಾಕ್ಷಸರನ್ನ ಕತ್ತರಿಸೋ ಆಸೆ ಇದ್ರೆ ಧಾರಾಳವಾಗಿ ಹೋಗಿ. ಫೋನಿಗೆ ಬರಲ್ಲ, ಹಾಗಾಗಿ ದಾವಣಗೆರೆ ಹೊರಗುಳೀತು.

ಎರಡನೇದರಲ್ಲಿ ಜಾಗ ಮಾರ್ತಾರೆ. ಮುಂದಿನ ಬಯಲು ಬಿಟ್ಟಿ, ಬೇಲಿ ದಾಟಿದ್ರೆ ದುಡ್ಡು. 2012ರಲ್ಲಿ ಬಂದ ‘ಗಿಲ್ಡ್ ವಾರ್ಸ್ 2’ರ ಮೂಲ ಆಟ 2015ರಿಂದ ಫ್ರೀ, ಮುಂದಿನ ಕಂತುಗಳಿಗೆ ಹಣ. ‘ಓಲ್ಡ್ ಸ್ಕೂಲ್ ರೂನ್‌ಸ್ಕೇಪ್’ನದ್ದೂ ಇದೇ ದಾರಿ: ಒಂದಿಷ್ಟು ಊರು, ಒಂದಿಷ್ಟು ಕಸುಬು ಎಲ್ಲರಿಗೂ, ಉಳಿದ ದೊಡ್ಡ ನಕ್ಷೆ ಚಂದಾದಾರರಿಗೆ. ಇಲ್ಲಿ ಮೋಸ ಇಲ್ಲ, ಬೇಲಿ ಕಣ್ಣಿಗೆ ಕಾಣುತ್ತೆ. ಬೇಲಿಯ ಈಚೆಗಿನ ಬಯಲು ನಿಮಗೆ ಸಾಕಾ ಅನ್ನೋದೊಂದೇ ಪ್ರಶ್ನೆ.

ಮೂರನೇದು ರಿಂಗ್ ಎಸೆಯೋ ಅಂಗಡಿ. ಗೇಮಿಂಗ್ ಭಾಷೆಯಲ್ಲಿ ‘ಗಾಚಾ’. 2020ರ ಸೆಪ್ಟೆಂಬರ್‌ನಲ್ಲಿ ಬಂದ ‘ಗೆನ್‌ಶಿನ್ ಇಂಪ್ಯಾಕ್ಟ್’ ಇದರ ದೊಡ್ಡ ಉದಾಹರಣೆ. ಆಟ ನೋಡೋಕೆ ನಿಜಕ್ಕೂ ಸುಂದರ, ಕಥೆಯನ್ನ ಒಂದು ರೂಪಾಯಿ ಕೊಡದೆ ಆಡಬಹುದು. ಆದ್ರೆ ಹೊಸ ಪಾತ್ರ ಬೇಕು ಅಂದ್ರೆ ಅದೃಷ್ಟ ಎಳೀಬೇಕು. ಒಂದು ಎಳೆತಕ್ಕೆ 160 ಪ್ರಿಮೊಜೆಮ್. ಐದು ಸ್ಟಾರಿನ ಪಾತ್ರ ಸಿಗೋ ಮೂಲ ಸಂಭವ ಶೇ 0.6. ತೊಂಬತ್ತು ಎಳೆತದೊಳಗೆ ಒಂದು ಐದು ಸ್ಟಾರ್ ಖಚಿತ, ಆದ್ರೆ ಅದು ನಿಮಗೆ ಬೇಕಾದವರೇ ಆಗಿರ್ಬೇಕು ಅಂತಿಲ್ಲ. ತಪ್ಪಿದ್ರೆ ಮುಂದಿನದು ಗ್ಯಾರಂಟಿ. ಅಂದ್ರೆ ಅದೃಷ್ಟ ಪೂರ್ತಿ ಕೈಕೊಟ್ಟರೆ 180 ಎಳೆತ, 28,800 ಪ್ರಿಮೊಜೆಮ್. ಆಡ್ತಾ ಆಡ್ತಾ ಕೂಡಿಡಬಹುದು, ಅದಕ್ಕೆ ತಿಂಗಳುಗಳು ಬೇಕು. ತಾಳ್ಮೆ ಮುಗಿದಾಗ ಅಂಗಡಿ ಬಾಗಿಲು ತೆರೆದಿರುತ್ತೆ.

ಈ ಅಂಗಡಿಯ ಬಗ್ಗೆ ಒಂದು ಮಾತು ಒತ್ತಿ ಹೇಳ್ಬೇಕು. ನನ್ನ ಹಳೇ ಸಹೋದ್ಯೋಗಿಯೊಬ್ಬ ಇಂಥದ್ದೇ ಒಂದು ಆಟದಲ್ಲಿ (ಹೆಸರು ಬೇಡ) ಒಂದು ಪಾತ್ರಕ್ಕಾಗಿ ಒಂದೇ ರಾತ್ರಿಯಲ್ಲಿ ಬೈಕಿನ ಎರಡು ಕಂತಿನಷ್ಟು ಕಳೆದ. ದಡ್ಡ ಏನಲ್ಲ, ಸಂಭವನೀಯತೆಯ ಲೆಕ್ಕ ನಮಗೆಲ್ಲ ಹೇಳಿಕೊಟ್ಟವನೇ ಅವನು. ‘ಇಷ್ಟು ಹಾಕಿದೀನಿ, ಈಗ ನಿಲ್ಸಿದ್ರೆ ಹಾಕಿದ್ದೂ ಹೋಯ್ತು’ ಅನ್ನೋ ಯೋಚನೆಗೆ ಯಾವ ಡಿಗ್ರಿಯೂ ಮದ್ದಲ್ಲ. ಯುಪಿಐ ಬಂದ ಮೇಲಂತೂ ಜೇಬು ಹಗುರಾಗೋದು ಕೈಗೆ ಗೊತ್ತೇ ಆಗಲ್ಲ.

ನಾಲ್ಕನೇದು ಕುಸ್ತಿ ಅಖಾಡದ ಪಕ್ಕದ ಅಂಗಡಿ. ದುಡ್ಡು ಕೊಟ್ಟವನಿಗೆ ತೋಳ್ಬಲ ಸಿಗುತ್ತೆ, ಕೊಡದವನು ಮಣ್ಣು ಮುಕ್ತಾನೆ. 2022ರ ಜೂನ್‌ನಲ್ಲಿ ಬಂದ ‘ಡಯಾಬ್ಲೊ ಇಮ್ಮಾರ್ಟಲ್’ ಬಗ್ಗೆ ಜಗತ್ತಿನಾದ್ಯಂತ ಬಂದ ದೂರು ಇದೇ. ಲೂಟ್ ಬಾಕ್ಸ್ ಬಗ್ಗೆ ಬಿಗಿಯಾಗಿರೋ ಬೆಲ್ಜಿಯಂ, ನೆದರ್‌ಲೆಂಡ್ಸ್‌ನಲ್ಲಿ ಅದು ಆಗ ಬಿಡುಗಡೆಯೇ ಆಗಲಿಲ್ಲ. ಗೆಳೆಯರ ಗುಂಪಿಗೆ ಇದರಷ್ಟು ಕೆಟ್ಟ ಅಂಗಡಿ ಇಲ್ಲ. ಸಂಬಳ ಜಾಸ್ತಿ ಇರೋನೇ ಆಟದಲ್ಲೂ ಮುಂದೆ ಅಂದ್ರೆ ಆಟ ಯಾಕೆ ಬೇಕು? ಲಿಂಕ್ಡ್‌ಇನ್ ಸಾಕಲ್ಲ.

ಹಣ ಉಳೀತು, ಸಮಯ?

ಕೆಲವು ಆಟಗಳು ದುಡ್ಡಿಗಿಂತ ಮೊದಲು ದಿನಚರಿಗೆ ಕೈ ಹಾಕ್ತವೆ. ಗೆನ್‌ಶಿನ್‌ನಲ್ಲಿ ‘ರೆಸಿನ್’ ಅಂತಿದೆ, ಬಹುಮಾನ ಪಡೆಯೋಕೆ ಬೇಕಾದ ಶಕ್ತಿ. ಎಂಟು ನಿಮಿಷಕ್ಕೆ ಒಂದರಂತೆ ತುಂಬುತ್ತೆ, 200ಕ್ಕೆ ನಿಲ್ಲುತ್ತೆ. ಲೆಕ್ಕ ಹಾಕಿ: 1,600 ನಿಮಿಷ, ಒಂದು ದಿನಕ್ಕಿಂತ ಸ್ವಲ್ಪ ಹೆಚ್ಚು. ದಿನಾ ಬಂದು ಖರ್ಚು ಮಾಡದಿದ್ರೆ ತುಂಬಿದ ಕೊಡಕ್ಕೆ ನಲ್ಲಿ ಬಿಟ್ಟ ಹಾಗೆ. ದಿನಾ ಅರ್ಧ ಗಂಟೆ ಆಡೋರಿಗೆ ಇದು ಖುಷಿಯ ಶಿಸ್ತೇ ಇರಬಹುದು. ವಾರಕ್ಕೊಮ್ಮೆ ಸೇರೋರಿಗೆ ಹೊಂದಲ್ಲ. ಅಲ್ಲದೆ ಅದು ಫೋನಲ್ಲಿ ಇಪ್ಪತ್ತು ಜಿಬಿಗೂ ಹೆಚ್ಚು ಜಾಗ ಕೇಳುತ್ತೆ, ಏಷ್ಯಾ ಸರ್ವರ್‌ನಲ್ಲಿ ಇರೋರು ಯುರೋಪ್ ಸರ್ವರ್‌ನವರ ಜೊತೆ ಆಡೋ ಹಾಗಿಲ್ಲ.

ಬರ್ಲಿನ್‌ನವರ ‘ಆಲ್ಬಿಯನ್ ಆನ್‌ಲೈನ್’ ನಮ್ಮ ಕೊನೇ ಸುತ್ತಿಗೆ ಬಂತು. 2019ರಿಂದ ಫ್ರೀ, 2021ರಿಂದ ಫೋನಿನಲ್ಲೂ ಇದೆ, ಲ್ಯಾಪ್‌ಟಾಪು ಫೋನು ಎರಡಕ್ಕೂ ಒಂದೇ ಖಾತೆ. ಅಲ್ಲಿನ ಕತ್ತಿ, ಗುರಾಣಿ ಎಲ್ಲಾ ಬಹುಪಾಲು ಆಟಗಾರರೇ ಮಾಡಿ ಮಾರೋದು, ಪೇಟೆ ಧಾರಣೆ ನೋಡೋ ಖಯಾಲಿ ಇರೋರಿಗೆ ಹಬ್ಬ. ಆದ್ರೆ ಕೆಂಪು, ಕಪ್ಪು ವಲಯದಲ್ಲಿ ಸತ್ತರೆ ಮೈಮೇಲಿದ್ದದ್ದೆಲ್ಲ ಕೊಂದವರ ಪಾಲು. ಮಳೆಗಾಲದಲ್ಲಿ ಕರೆಂಟ್ ಹೋಗೋ ಮನೆಯಿಂದ ಅಷ್ಟು ಧೈರ್ಯ ಬೇಡ ಅನ್ನಿಸ್ತು.

0.6 ಸೆಕೆಂಡಿನ ಉಪಕಾರ

ಕೊನೆಗೆ ನಿಂತದ್ದು ಓಲ್ಡ್ ಸ್ಕೂಲ್ ರೂನ್‌ಸ್ಕೇಪ್‌ನ ಫ್ರೀ ಲೋಕದಲ್ಲಿ. ಮೂಲ ರೂನ್‌ಸ್ಕೇಪ್ 2001ರದ್ದು, ಇಂಗ್ಲೆಂಡಿನದ್ದು. ಅದರ 2007ರ ರೂಪವನ್ನ ಆಟಗಾರರ ಒತ್ತಾಯಕ್ಕೆ 2013ರಲ್ಲಿ ಮತ್ತೆ ತೆರೆದರು, 2018ರಲ್ಲಿ ಫೋನಿಗೂ ತಂದರು. ಚಿತ್ರಗಳು ಚೌಕ ಚೌಕ, ನೋಡಿದವರು ನಗ್ತಾರೆ. ಹಾಗಿರೋದ್ರಿಂದಲೇ ದಾವಣಗೆರೆಯ ಫೋನಲ್ಲಿ ಮಗಳ ಒಂದು ವಿಡಿಯೊನೂ ಅಳಿಸದೆ ಜಾಗ ಸಿಕ್ತು.

ನನಗೆ ಇಷ್ಟವಾದದ್ದು ಅದರ ಒಳಗಿನ ಕಟ್ಟೋಣ. ಆಪ್ಟಿಕಲ್ ಫೈಬರ್‌ನಲ್ಲಿ ಬೆಳಕು ಓಡೋದು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಬೆಂಗಳೂರಿನಿಂದ ಜರ್ಮನಿಗೆ ನೇರ ಗೆರೆ ಎಳೆದರೂ ಏಳು ಸಾವಿರ ಕಿಲೋಮೀಟರ್ ದಾಟುತ್ತೆ. ಹೋಗಿ ಬರೋಕೆ ಎಪ್ಪತ್ತು ಮಿಲಿಸೆಕೆಂಡಿಗೂ ಹೆಚ್ಚು, ಇದು ಯಾವ ಕಂಪನಿಯೂ ಕಮ್ಮಿ ಮಾಡಕ್ಕಾಗದ ಸಮಯ. ಕೇಬಲ್ ಸುತ್ತಿ ಬಳಸಿ ಹೋಗೋದ್ರಿಂದ ನಿಜವಾಗಿ ಅದರ ಎರಡರಷ್ಟು ಅಂತಿಟ್ಕೊಳ್ಳಿ. ಗುಂಡು ಹಾರಿಸೋ ಆಟದಲ್ಲಿ ಅಷ್ಟರಲ್ಲಿ ನಿಮ್ಮ ಕಥೆ ಮುಗಿದಿರುತ್ತೆ. ಈ ಆಟದ ಸರ್ವರ್ ಮಾತ್ರ 0.6 ಸೆಕೆಂಡಿಗೊಮ್ಮೆ ಎಲ್ಲರ ಅಪ್ಪಣೆಗಳನ್ನ ಒಟ್ಟಿಗೆ ನಡೆಸುತ್ತೆ. ನಿಮ್ಮ ಕ್ಲಿಕ್ಕು 50 ಮಿಲಿಸೆಕೆಂಡಿಗೆ ತಲುಪಲಿ, 200ಕ್ಕೆ ತಲುಪಲಿ, ಹೆಚ್ಚಿನ ಸಲ ಒಂದೇ ಪಂಕ್ತಿಯಲ್ಲಿ ಊಟ. ಜರ್ಮನಿಯ ಫೈಬರ್‌ಗೂ ಲಕ್ಕವಳ್ಳಿಯ 4ಜಿಗೂ ಹೆಚ್ಚು ಭೇದ ಇಲ್ಲ.

ಅಲ್ಲಿ ಏನು ಮಾಡ್ತೀವಿ ಅಂತೀರಾ? ಮರ ಕಡಿಯೋದು, ಸಿಗಡಿ ಹಿಡಿಯೋದು, ಸುಟ್ಟು ಕರಕಲು ಮಾಡೋದು. ಮೊದಲ ಸಾಹಸಗಳಲ್ಲೊಂದು ಅರಮನೆ ಅಡುಗೆಯವನಿಗೆ ಮೊಟ್ಟೆ, ಹಾಲು, ಹಿಟ್ಟು ತಂದುಕೊಡೋದು. ನಾನು ಫೋನಲ್ಲಿ ಹಸು ಕರೀತಿದ್ದದ್ದು ನೋಡಿ ಅಮ್ಮ, ‘ಹಿತ್ತಲಲ್ಲಿ ನಿಜವಾದ್ದು ಕಟ್ಟಿದೀನಲ್ಲೋ’ ಅಂದರು. ಅಷ್ಟರಲ್ಲಿ ಕರೆಂಟ್ ಹೋದ್ರೂ ಯಾರಿಗೂ ನಷ್ಟ ಇಲ್ಲ. ಬೆಂಗಳೂರಿನವಳಿಗೆ ಆಫೀಸಿನ ಅಲರ್ಟ್ ಬಂದ್ರೆ ಅವಳ ಪಾತ್ರ ಕಾಣೆಯಾಗುತ್ತೆ, ನಮ್ಮ ಬಲೆ ನೀರಲ್ಲೇ ಇರುತ್ತೆ. ವಾಟ್ಸಾಪ್ ಕಾಲ್ ಪಕ್ಕದಲ್ಲಿ ಓಡ್ತಿರುತ್ತೆ.

ಅಂಥದ್ದೊಂದು ಭಾನುವಾರ ಜರ್ಮನಿಯವನು ಮರ ಕಡಿಯುತ್ತಲೇ, ಕೆಲಸ ಹೋಗಿ ಆರು ವಾರ ಆಯ್ತು ಅಂದ. ಗ್ರೂಪಲ್ಲಿ ಹಾಕಿರಲಿಲ್ಲ, ವಿಡಿಯೊ ಕಾಲಲ್ಲಿ ಮುಖ ನೋಡಿ ಹೇಳೋಕೆ ಆಗಿರಲಿಲ್ಲವಂತೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ, ನಾಲ್ಕು ಕೊಡಲಿಗಳು ಮಾತ್ರ ಓಡ್ತಿದ್ದವು. ಆಮೇಲೆ ರೆಸ್ಯೂಮೆ ಕಳ್ಸು ಅಂದಳು ಬೆಂಗಳೂರಿನವಳು. ಗೆಲ್ಲೋ ತುರ್ತು ಇರೋ ಆಟದಲ್ಲಿ ಇದನ್ನ ಹೇಳೋಕೆ ಅವನಿಗೆ ಬಿಡುವು ಸಿಗ್ತಿತ್ತಾ ಅಂತ ಆಮೇಲೂ ಯೋಚಿಸಿದೀನಿ.

ಕಾನೂನು ಎಲ್ಲಿದೆ?

ಅದೃಷ್ಟದ ಅಂಗಡಿಗೆ ಕಾನೂನು ಇಲ್ವಾ ಅಂತ ಕೇಳಬಹುದು. ನಮ್ಮ ರಾಜ್ಯದಲ್ಲಿ ಲಾಟರಿ 2007ರಲ್ಲೇ ನಿಂತಿತು. ಹಣ ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನ ತಡೆಯೋಕೆ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನ ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನೇ ತಂತು. ಅದರ ಗುರಿ ಹಣ ಗೆಲ್ಲೋ ಆಸೆಗೆ ಹಣ ಹಾಕೋ ಆಟಗಳು. ಗಾಚಾದಲ್ಲಿ ಹಣ ಒಳಗೆ ಹೋಗುತ್ತೆ, ಹೊರಗೆ ಬರಲ್ಲ. ಸಿಗೋದು ಒಂದು ಚಿತ್ರ, ಒಂದು ಪಾತ್ರ. ಅಮೆರಿಕದಲ್ಲಿ ಗೆನ್‌ಶಿನ್ ಕಂಪನಿ 2025ರ ಜನವರಿಯಲ್ಲಿ 2 ಕೋಟಿ ಡಾಲರ್ ಕಟ್ಟೋಕೆ, ಹೆತ್ತವರ ಒಪ್ಪಿಗೆ ಇಲ್ಲದೆ 16ರೊಳಗಿನ ಮಕ್ಕಳಿಗೆ ಲೂಟ್ ಬಾಕ್ಸ್ ಮಾರದಿರೋಕೆ ಒಪ್ಪಿತು. ಇಲ್ಲಿ ಸದ್ಯಕ್ಕೆ ನಿಮ್ಮ ಯುಪಿಐ ಪಿನ್‌ಗೆ ನೀವೇ ಕಾವಲು.

ಡೌನ್‌ಲೋಡ್‌ಗೆ ಮುಂಚೆ

ಪ್ಲೇ ಸ್ಟೋರ್ ಪುಟದಲ್ಲಿ ಆಟದ ವಿವರ ತೆರೆದು ಕೆಳಗಿಳಿಯಿರಿ. ಆ್ಯಪ್‌ನೊಳಗಿನ ಖರೀದಿ ಎಷ್ಟರಿಂದ ಎಷ್ಟು ರೂಪಾಯಿ ಅಂತ ಬರೆದಿರುತ್ತೆ. ಒಂದು ವಸ್ತುವಿಗೆ ಸಾವಿರಗಟ್ಟಲೆ ಇದ್ರೆ, ಅದು ಬಟ್ಟೆಯೋ ಬಲವೋ ಅದೃಷ್ಟವೋ ಅಂತ ಪತ್ತೆ ಮಾಡಿ. ಒಂದು ವಾರ ಬಿಟ್ಟು ಬಂದ್ರೆ ಏನು ಕಳ್ಕೊಳ್ತೀನಿ ಅಂತ ಕೇಳ್ಕೊಳ್ಳಿ. ಗೆಳೆಯರಲ್ಲಿ ಯಾರ ಫೋನು ಎಲ್ಲಕ್ಕಿಂತ ಹಳೇದು ನೋಡಿ, ಆಟ ಅವರ ಫೋನಿಗೆ ಒಗ್ಗಬೇಕು. ಎಲ್ಲರೂ ಒಂದೇ ಸರ್ವರ್ ಆರಿಸಿ, ಆಮೇಲೆ ಬದಲಾಯಿಸೋದು ಎಷ್ಟೋ ಆಟಗಳಲ್ಲಿ ಆಗಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳೋ ಹಾಗೆ ಇಡಿ.

ಇಷ್ಟಾದ ಮೇಲೂ ಎರಡನೇ ವಾರಕ್ಕೆ ಬೇಜಾರು ಬಂದ್ರೆ ಧೈರ್ಯವಾಗಿ ಅಳಿಸಿಹಾಕಿ, ಫ್ರೀ ಅಲ್ವಾ. ಆಟ ಹೋದ್ರೂ ಆ ಒಂದು ಗಂಟೆ ಮಾತ್ರ ಕ್ಯಾಲೆಂಡರ್‌ನಲ್ಲಿ ಹಾಗೇ ಇರಲಿ.