ಮಳೆಪುಸ್ತಕದ ಪಕ್ಕದ ಚೀಟಿ

ಮೂಡಿಗೆರೆಯ ಕಾಫಿ ಬೆಳೆಗಾರರೊಬ್ಬರು ಒಂದು ಸುಗ್ಗಿಯಲ್ಲಿ ನಾನೂರು ಚೀಲ ರೊಬಸ್ಟಾ ಚೆರಿಯ ಮಾರಾಟಕ್ಕೆಂದು ಚಿಕ್ಕಮಗಳೂರಿಗೆ ಹೋದರು. ಹಿಂದಿನ ರಾತ್ರಿ ಒಂದು ಗಂಟೆಯವರೆಗೂ ಎಚ್ಚರವಿದ್ದು ಲಂಡನ್ ಪೇಟೆಯ ಧಾರಣೆಯನ್ನೂ ವಿಯೆಟ್ನಾಮಿನ ಬೆಳೆಯ ಸಮಾಚಾರವನ್ನೂ ಓದಿಕೊಂಡಿದ್ದರು. ಮಾತುಕತೆ ಆರಂಭವಾಗಿ ಕಾಲು ಗಂಟೆಯಾಗಿರಲಿಲ್ಲ. ಕಿಟಕಿಯಾಚೆ ಲಾರಿಯಿಂದ ಚೀಲ ಇಳಿಸುವ ಸದ್ದು ಅವರ ಮನಸ್ಸನ್ನು ಸೆಳೆದೊಯ್ದಿತು. "ಔಟ್‌ಟರ್ನ್ ಇಪ್ಪತ್ತಾರು ಎಂದು ಹಿಡಿಯೋಣವೇ?" ಎಂದು ಕೊಳ್ಳುವವರು ಕೇಳಿದಾಗ "ಆಗಲಿ" ಎಂಬ ಮಾತು ಬಾಯಿಂದ ಹೊರಟೇಹೋಯಿತು. ಮರಳಿ ಬರುವಾಗ, ಆಲ್ದೂರು ದಾಟಿದ ಮೇಲೆ ನೆನಪಾಯಿತು: ಪರೀಕ್ಷೆಯಲ್ಲಿ ಬಂದಿದ್ದುದು ಇಪ್ಪತ್ತೇಳು! ಆ ಚೀಟಿ ಜೀಪಿನಲ್ಲಿಯೇ ಇದ್ದಿತು.

50 ಕಿಲೋ ತೂಕದ ಒಂದು ಚೀಲ ಒಣಚೆರಿಯಿಂದ ಎಷ್ಟು ಕಿಲೋ ಶುದ್ಧ ಬೀಜ ದೊರೆಯುವುದೆಂಬುದೇ ಔಟ್‌ಟರ್ನ್. ಒಂದು ಅಂಕ ಇಳಿದರೆ ಚೀಲಕ್ಕೊಂದು ಕಿಲೋ. ನಾನೂರು ಚೀಲಕ್ಕೆ 400 ಕಿಲೋ ಕಾಫಿಯ ಬೆಲೆ ಒಂದು "ಆಗಲಿ"ಯಲ್ಲಿ ಕರಗಿತು.

ಅವರ ತಂದೆಯ ಕಾಲದಲ್ಲಿ ಇಂತಹ ಪರೀಕ್ಷೆಯೇ ಇರಲಿಲ್ಲ. 1942ರ ಕಾಯಿದೆಯ ಮೇರೆಗೆ ಬೆಳೆಯೆಲ್ಲವೂ ಕಾಫಿ ಬೋರ್ಡಿನ ಪೂಲಿಗೆ ಸೇರುತ್ತಿತ್ತು. ಹಣ ಕಂತುಗಳಲ್ಲಿ ಬರುತ್ತಿತ್ತು. ತಡವಾಯಿತೆಂದು ಶಪಿಸಬಹುದಿತ್ತೇ ಹೊರತು ಚೌಕಾಸಿಗೆ ಕೂರಬೇಕಾಗಿರಲಿಲ್ಲ. 1996ರ ವೇಳೆಗೆ ಆ ವ್ಯವಸ್ಥೆ ಮುಗಿದು, ಬೆಳೆಗಾರನೇ ವರ್ತಕನೂ ಆದನು.

"ಯಜಮಾನರಿಗೆ ವ್ಯವಹಾರವೆಂದರೆ ಉದಾಸೀನ" ಎಂದು ತೋಟದ ರೈಟರು ಗೊಣಗಿದರು. ಮಡದಿಗೂ ಬಹುಕಾಲ ಹಾಗೆಯೇ ತೋರಿತ್ತು. ಶಾಲೆಯಲ್ಲಿ ಒಂದೆಡೆ ಕೂರಲಾರದ ಮಗನನ್ನು ಬೆಂಗಳೂರಿನ ಮನೋವೈದ್ಯರಲ್ಲಿಗೆ ಕರೆದೊಯ್ದಾಗ, ವೈದ್ಯರು ಮಗನಿಗಿಂತ ಹೆಚ್ಚಾಗಿ ತಂದೆಯನ್ನು ಪ್ರಶ್ನಿಸಿದರು. ಎ.ಡಿ.ಎಚ್.ಡಿ. ಎಂಬ ನಾಲ್ಕು ಅಕ್ಷರಗಳ ಆ ಸ್ಥಿತಿ ವಂಶದಲ್ಲಿ ಹರಿದುಬರುವುದುಂಟು. ಇದು ಹೊಸಗಾಲದ ಬೇನೆಯೆಂದು ಮೂಗು ಮುರಿಯುವವರು ಗಮನಿಸಬೇಕು: ಸ್ಕಾಟ್‌ಲೆಂಡಿನ ವೈದ್ಯ ಅಲೆಗ್ಸಾಂಡರ್ ಕ್ರೈಟನ್ 1798ರಲ್ಲಿಯೇ ಗಮನ ನಿಲ್ಲದ ಮನಸ್ಸನ್ನು ಕುರಿತು ಬರೆದಿದ್ದನು, 1902ರಲ್ಲಿ ಜಾರ್ಜ್ ಸ್ಟಿಲ್ ಲಂಡನ್ನಿನಲ್ಲಿ ಇಂತಹ ಮಕ್ಕಳ ವಿಷಯವಾಗಿ ಉಪನ್ಯಾಸಗಳನ್ನೇ ನೀಡಿದನು. ಮಕ್ಕಳಲ್ಲಿ ಕಂಡದ್ದು ಮೀಸೆ ಬಂದೊಡನೆ ಮಾಯವಾಗುತ್ತದೆಂಬ ನಂಬಿಕೆ ಮಾತ್ರ ಬಹುಕಾಲ ಉಳಿದಿತ್ತು. ಅನೇಕರಲ್ಲಿ ಅದು ಮಾಯವಾಗುವುದಿಲ್ಲ.

ಅವರಲ್ಲಿ ಗಮನವೇ ಇಲ್ಲವೆಂದಲ್ಲ. ಕರೆದಾಗ ಅದು ಬರುವುದಿಲ್ಲ, ಅಷ್ಟೆ. ಪಲ್ಪರ್ ಯಂತ್ರ ಕೆಟ್ಟರೆ ಊಟ ಮರೆತು ಬಿಚ್ಚಿ ಜೋಡಿಸಬಲ್ಲವರು, ನಾಳಿನ ಹತ್ತು ಗಂಟೆಯ ಭೇಟಿಯನ್ನು ಇಂದು ಮನಸ್ಸಿನಲ್ಲಿ ಹಿಡಿದಿಡಲಾರರು. ವೈದ್ಯರು ಮಾತ್ರೆ ಬರೆದುಕೊಟ್ಟರು. ಅದರಿಂದ ಗುಣವೂ ಕಂಡಿತು. ಆದರೆ ಮಾತ್ರೆಯು ಚೀಟಿಯನ್ನು ಜೇಬಿಗೆ ಹಾಕುವುದಿಲ್ಲವಷ್ಟೆ!

ದಾರಿ ತೋರಿದವರು ಮಡದಿಯೇ. ಎಲ್ಲವನ್ನೂ ಮರೆಯುವ ಈ ಮನುಷ್ಯ ಮಳೆಪುಸ್ತಕವನ್ನು ಮಾತ್ರ ಒಂದು ದಿನವೂ ಮರೆತವರಲ್ಲವೆಂಬುದು ಅವರಿಗೆ ಹೊಳೆಯಿತು. ಬೆಳಗಿನ ಕಾಫಿಯ ಲೋಟ ಹಿಡಿದು ಅಂಗಳಕ್ಕಿಳಿದರೆ ಮಳೆಮಾಪಕ ಕಣ್ಣೆದುರಿಗೇ ಇದೆ. ಅಳೆಯಲು ಒಂದು ನಿಮಿಷ. ಜಗುಲಿಯ ಮೊಳೆಗೆ ನೇತುಬಿದ್ದ ಪುಸ್ತಕದಲ್ಲಿ ಆಗಲೇ ಬರೆಯುವುದು. ಅಲ್ಲಿ ನೆನಪಿನ ಭಾರವನ್ನು ಹೊತ್ತದ್ದು ತಲೆಯಲ್ಲ, ಮೊಳೆ. (ಮೊಬೈಲಿನ ಗಂಟೆಯನ್ನು ಅವರು ಬಾಯಿ ಮುಚ್ಚಿಸಿ ಮರೆಯುತ್ತಿದ್ದರು; ಆ ಯಂತ್ರವೇ ಒಂದು ಸಂತೆ.)

ಮರುವರ್ಷ ಅದೇ ಮೊಳೆಗೆ ಒಂದು ಚೀಟಿಯೂ ಬಿದ್ದಿತು. ಅದರಲ್ಲಿ ಮೂರೇ ಸಾಲು: ಔಟ್‌ಟರ್ನ್ ಎಷ್ಟು, ಇದಕ್ಕಿಂತ ಕೆಳಗಿಳಿಯಬಾರದ ದರವೆಷ್ಟು, ಹಣ ಎಂದು ಬರುತ್ತದೆ. ಭೇಟಿ ಹತ್ತಕ್ಕೆಂದು ಬರೆಯದೆ "ಎಂಟಕ್ಕೆ ಹೊರಡುವುದು" ಎಂದು ಬರೆದರು. ಏಕೆಂದರೆ ಹತ್ತು ಎಂದರೆ ಅವರಿಗೆ ಇನ್ನೂ ಬಹಳ ಹೊತ್ತು. ರಾತ್ರಿಯ ಜಾಗರಣೆ ನಿಂತಿತು. ಅದಕ್ಕೆ ಬದಲಾಗಿ ಊಟವಾದ ಮೇಲೆ ಮಡದಿ ಕೊಳ್ಳುವವರಾಗಿ ಕುಳಿತು ಹತ್ತು ನಿಮಿಷ ಚೌಕಾಸಿ ಮಾಡಿದರು, ಅದೂ ನಿರ್ದಯವಾಗಿ. "ರೀ, ಏನು ಕೇಳಿದರೂ ಅಲ್ಲಿಯೇ ಆಗಲಿ ಅನ್ನಬೇಡಿ. ನಾಳೆ ಬೆಳಗ್ಗೆ ಹೇಳುತ್ತೇನೆ ಅನ್ನಿ" ಎಂದು ಕಟ್ಟಪ್ಪಣೆಯೂ ಆಯಿತು. ಮಾತು ಬರೆದುಕೊಳ್ಳಲು ರೈಟರು ಜೊತೆಗೆ ಹೊರಟರು. ಯಜಮಾನರು ತಮ್ಮ ಸ್ಥಿತಿಯನ್ನು ಅವರಿಗೆ ಮೊದಲ ಸಲ ಬಿಡಿಸಿ ಹೇಳಿದ್ದು ಅಂದೇ. ಎಲ್ಲ ಸಿದ್ಧತೆಗಳಲ್ಲಿ ಅದೇ ಕಷ್ಟದ್ದಾಗಿತ್ತು. ರೈಟರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದಲೇ ಹೇಳಬಾರದಿತ್ತೇ?" ಎಂದರಂತೆ.

ಈ ಸಲವೂ ಇಪ್ಪತ್ತಾರರ ಮಾತು ಬಂದಿತು. ಬೆಳೆಗಾರರು ಜೇಬಿನ ಚೀಟಿಯನ್ನು ಮೇಜಿನ ಮೇಲಿಟ್ಟರು. ಮಾದರಿಯನ್ನು ಇಬ್ಬರ ಎದುರಿನಲ್ಲಿಯೇ ಮತ್ತೆ ಪರೀಕ್ಷಿಸುವುದೆಂದು ತೀರ್ಮಾನವಾಯಿತು. ಹೊರಗೆ ಹೂಮಳೆ ಹನಿಯುತ್ತಿತ್ತು. ಜೀಪಿನಲ್ಲಿ ಕುಳಿತು, ಹೊರಡುವ ಮುನ್ನವೇ, ಆದ ಮಾತುಗಳನ್ನೆಲ್ಲ ರೈಟರ ಪುಸ್ತಕದೊಡನೆ ತಾಳೆ ನೋಡಿದರು.

ಕೊಡೆಯನ್ನು ಮಾತ್ರ ಅಲ್ಲಿಯೇ ಮರೆತು ಬಂದಿದ್ದರು.