ಭೂತದ ಚಿತ್ರ, ಒಂಟಿ ವಿಮರ್ಶಕ ಮತ್ತು ನಮ್ಮ ಲೆಕ್ಕ

ವ್ಯಾಪಾರದಲ್ಲಿ ನಷ್ಟವಾಗುವುದು ಹೊಸ ಸಂಗತಿಯೇನಲ್ಲ. ಆದರೆ ನಷ್ಟದ ಕಾರಣವನ್ನು ಎತ್ತಿ ತೋರಿಸಿದವನ ಮೇಲೆಯೇ ಕೋಪಿಸಿಕೊಳ್ಳುವುದು ವ್ಯಾಪಾರಿಗೆ ಶೋಭಿಸುವ ಗುಣವಲ್ಲ. ಈ ಮಾತನ್ನು ಬರೆಯಲು ಕಾರಣವಾದ ಪ್ರಸಂಗವೊಂದನ್ನು ಸದಸ್ಯ ಬಾಂಧವರ ಮುಂದಿಡಬಯಸುತ್ತೇನೆ.

ನಮ್ಮ ನಗರದ ಬಟ್ಟೆ ವ್ಯಾಪಾರಿಯೊಬ್ಬರ ಲೆಕ್ಕಪತ್ರಗಳನ್ನು ನಾನು ಅನೇಕ ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಅಂಗಡಿಯ ವಿಸ್ತರಣೆಗೆಂದು ಕೂಡಿಟ್ಟಿದ್ದ ಹಣದಲ್ಲಿ 12 ಲಕ್ಷ ರೂಪಾಯಿಗಳನ್ನು ಅವರು ಒಂದು ಕಡಿಮೆ ಬಂಡವಾಳದ ಭೂತದ ಚಿತ್ರದಲ್ಲಿ ತೊಡಗಿಸಿದರು. ಖಾನಾಪುರ ತಾಲ್ಲೂಕಿನ ಜಾಂಬೋಟಿಯ ಸುತ್ತಮುತ್ತ ಚಿತ್ರೀಕರಣವಾಯಿತು. ಚಿತ್ರ ಬಿಡುಗಡೆಯಾಗಿ ಒಂದು ವಾರವೂ ನಿಲ್ಲಲಿಲ್ಲ. ಅನಂತರ ಒಂದು ಸಂಜೆ ಅವರು ನನ್ನ ಕಚೇರಿಗೆ ಬಂದು, “ಸಾಹೇಬ್ರ, ಖಾನಾಪುರದ ಹುಡುಗ ಒಬ್ಬಾಂವ ನಮ್ಮ ಪಿಕ್ಚರ್ ಬಗ್ಗೆ ಬಾಯಿಗೆ ಬಂದಂಗ ಮಾತಾಡ್ಯಾನ. ನಿಮ್ಮ ಪರಿಚಯದ ವಕೀಲರ ಕಡೆಯಿಂದ ಅವಗ ಒಂದು ನೋಟಿಸ್ ಕಳಸೋಣ್ರಿ” ಎಂದರು.

ಆ ಹುಡುಗ ಹಗಲು ಔಷಧದ ಅಂಗಡಿಯಲ್ಲಿ ಕೆಲಸ ಮಾಡಿ, ರಾತ್ರಿ ತನ್ನ ಕೋಣೆಯಲ್ಲಿ ಒಬ್ಬನೇ ಕುಳಿತು ಇಂಥ ಚಿತ್ರಗಳನ್ನು ಕುರಿತು ಪಾಡ್‌ಕ್ಯಾಸ್ಟ್ ಮಾಡುವವನು. ಕೇಳುಗರು ಕೆಲವು ನೂರು ಮಂದಿ. ನೋಟಿಸಿನ ಮಾತಿಗೆ ಮೊದಲು ಕೇಳಿ ನೋಡೋಣವೆಂದು, ಮರುದಿನ ಖಾನಾಪುರಕ್ಕೆ ಹೋಗುವ ಕೆಲಸವಿದ್ದುದರಿಂದ, ಆ 25 ಕಿ.ಮೀ. ದಾರಿಯಲ್ಲಿ ಕಾರಿನಲ್ಲಿಯೇ ಅವನ ಮಾತುಗಳನ್ನು ಕೇಳಿದೆ.

ಬಾಯಿಗೆ ಬಂದಂತೆ ಅವನು ಏನನ್ನೂ ಹೇಳಿರಲಿಲ್ಲ. ಟಿಕೆಟ್ಟನ್ನು ಸ್ವಂತ ಹಣದಿಂದ ಕೊಂಡೆನೆಂದು ಮೊದಲೇ ತಿಳಿಸಿದ್ದ. ಹಗಲಿನಲ್ಲಿ ಚಿತ್ರೀಕರಿಸಿ ಅನಂತರ ಕಪ್ಪಾಗಿಸಿದ ರಾತ್ರಿಯ ದೃಶ್ಯಗಳಲ್ಲಿ ನೆರಳುಗಳು ಸ್ಪಷ್ಟವಾಗಿ ಕಾಣುತ್ತವೆ ಎಂದ. ಹಿನ್ನೆಲೆಯ ಅಬ್ಬರ ಒಂದು ಕ್ಷಣವೂ ನಿಲ್ಲದ ಕಾರಣ ಹೆದರಲು ಪುರುಸೊತ್ತೇ ಸಿಗುವುದಿಲ್ಲ ಎಂದ. ಅಜ್ಜಿಯ ಪಾತ್ರ ಮಾಡಿದ ಕಲಾವಿದೆಯನ್ನು ಮನಸಾರೆ ಹೊಗಳಿದ. ಕಣಕುಂಬಿಯ ಮಳೆ, ಭೀಮಗಡದ ಕಾಡು, ಅಪರೂಪದ ಬಾವಲಿಗಳಿಗೆ ನೆಲೆಯಾದ ಬಾರಾಪೆಡೆ ಗುಹೆಗಳು ಇರುವ ತಾಲ್ಲೂಕಿಗೆ ಬಂದು, ಕಾಡಿನ ಒಂದು ಸದ್ದನ್ನೂ ಹಿಡಿಯದೆ ಹೋದರಲ್ಲ ಎಂದು ಮರುಗಿದ. ನಾನು ಚಿತ್ರಕಲೆಯನ್ನು ಬಲ್ಲವನಲ್ಲ. ಆದರೆ ಸಾಕ್ಷ್ಯವನ್ನು ಮುಂದಿಟ್ಟು ಅಭಿಪ್ರಾಯ ಹೇಳುವ ಕ್ರಮ ನನಗೆ ಪರಿಚಿತವಾದದ್ದು. ನಮ್ಮ ವೃತ್ತಿಯಲ್ಲಿ ಅದಕ್ಕೆ ಲೆಕ್ಕಪರಿಶೋಧನೆ ಎನ್ನುತ್ತೇವೆ.

ಭೂತದ ಚಿತ್ರಗಳಿಗೆ ಸಣ್ಣ ಹೂಡಿಕೆದಾರರು ಮರುಳಾಗಲು ಕಾರಣವಿದೆ. ಈ ಪ್ರಕಾರಕ್ಕೆ ದೊಡ್ಡ ತಾರೆಯರು ಬೇಕಿಲ್ಲ. ಒಂದು ಹಳೆಯ ಮನೆ, ಸ್ವಲ್ಪ ಕತ್ತಲು, ನಾಲ್ಕು ಹೊಸ ಮುಖಗಳು ಸಾಕು. ರಾಮ್ಸೆ ಸಹೋದರರು 1972ರಲ್ಲಿ ‘ದೋ ಗಜ್ ಜಮೀನ್ ಕೆ ನೀಚೆ’ ಚಿತ್ರವನ್ನು ಅತ್ಯಲ್ಪ ವೆಚ್ಚದಲ್ಲಿ ತಯಾರಿಸಿ, ಮಹಾನಗರಗಳಿಗಿಂತ ಸಣ್ಣ ಊರುಗಳ ಪ್ರೇಕ್ಷಕರನ್ನು ನಂಬಿ ಗೆದ್ದರು. ಅಮೆರಿಕದಲ್ಲಿ ಸುಮಾರು 15,000 ಡಾಲರುಗಳಲ್ಲಿ ಚಿತ್ರೀಕರಿಸಿದ ‘ಪ್ಯಾರಾನಾರ್ಮಲ್ ಆಕ್ಟಿವಿಟಿ’ (2007) ಜಗತ್ತಿನಾದ್ಯಂತ 19 ಕೋಟಿ ಡಾಲರುಗಳಿಗೂ ಹೆಚ್ಚು ಗಳಿಸಿತು. ಕನ್ನಡದಲ್ಲಿಯೇ 2013ರಲ್ಲಿ ಬಂದ ‘6-5=2’ ಚಿತ್ರವು, ಚಾರಣಕ್ಕೆ ಹೋದ ಗೆಳೆಯರ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯಗಳೆಂಬ ರೀತಿಯಲ್ಲಿ ಕಥೆ ಹೇಳಿ ಜನರನ್ನು ಸೆಳೆಯಿತು; ಮರುವರ್ಷ ಹಿಂದಿಗೂ ಹೋಯಿತು. ಪವನ್ ಕುಮಾರ್ ಅವರ ‘ಯು ಟರ್ನ್’ (2016) ಬೆಂಗಳೂರಿನ ಒಂದು ಮೇಲ್ಸೇತುವೆಯ ಸುತ್ತ ಹೆಣೆದ ಕಥೆಯಿಂದಲೇ ಹಲವು ಭಾಷೆಗಳಲ್ಲಿ ಮರುನಿರ್ಮಾಣಗೊಂಡಿತು.

ಹಣ ಕೇಳಲು ಬರುವವರು ಈ ಹೆಸರುಗಳನ್ನು ತಪ್ಪದೆ ಹೇಳುತ್ತಾರೆ. ಗೆದ್ದವರ ಪಟ್ಟಿಯನ್ನು ಮಾತ್ರ ತೋರಿಸಿ ಮಾಡುವ ವ್ಯಾಪಾರ ಯಾವುದೇ ಇರಲಿ, ಅದರ ಬಗ್ಗೆ ಎಚ್ಚರ ಅಗತ್ಯ. ‘ಪ್ಯಾರಾನಾರ್ಮಲ್ ಆಕ್ಟಿವಿಟಿ’ಗೆ ಆದ ಚಿತ್ರೀಕರಣದ ವೆಚ್ಚ ಅಲ್ಪವಾದರೂ, ಅದನ್ನು ಜನರಿಗೆ ಮುಟ್ಟಿಸಲು ದೊಡ್ಡ ಸಂಸ್ಥೆಯೊಂದು ಸುರಿದ ಹಣ ಅದರ ಎಷ್ಟೋ ಪಟ್ಟು. ತಯಾರಿಕೆಯ ವೆಚ್ಚವೇ ಬೇರೆ, ಬಿಡುಗಡೆಯ ವೆಚ್ಚವೇ ಬೇರೆ.

ಒಂದು ಊಹೆಯ ಲೆಕ್ಕವನ್ನು ನೋಡೋಣ. ತಯಾರಿಕೆಗೆ 60 ಲಕ್ಷ, ಪ್ರಚಾರ ಮತ್ತು ಬಿಡುಗಡೆಗೆ 20 ಲಕ್ಷ, ಒಟ್ಟು 80 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ಟಿಕೆಟ್ಟಿನ ಮೂಲ ದರ ರೂ. 120, ಅದರ ಮೇಲೆ ಶೇ. 18ರ ಜಿಎಸ್‌ಟಿ ರೂ. 21.60 ಸೇರಿ ಪ್ರೇಕ್ಷಕ ಕೊಡುವುದು ರೂ. 141.60. ತೆರಿಗೆ ಸರ್ಕಾರಕ್ಕೆ. ಉಳಿದ 120ರಲ್ಲಿ ಚಿತ್ರಮಂದಿರಕ್ಕೆ ಅರ್ಧ ಹೋದರೆ 60 ಉಳಿಯಿತು. ವಿತರಕರಿಗೆ ಶೇ. 10ರ ದಲಾಲಿ ಕಳೆದರೆ 54. ಹಾಕಿದ ಹಣ ಹಿಂದಿರುಗಬೇಕಾದರೆ ಸುಮಾರು 1,48,000 ಟಿಕೆಟ್ಟುಗಳು ಮಾರಾಟವಾಗಬೇಕು. ಅಂದರೆ 500 ಆಸನಗಳ ಚಿತ್ರಮಂದಿರದಲ್ಲಿ 296 ಪ್ರದರ್ಶನಗಳು ಕಿಕ್ಕಿರಿದು ತುಂಬಬೇಕು. ಲಾಭದ ಮಾತು ಅನಂತರದ್ದು. ಒಟಿಟಿ ಮಾರಾಟ, ಮರುನಿರ್ಮಾಣದ ಹಕ್ಕುಗಳಿಂದ ಹಣ ಬರಬಹುದು. ಆದರೆ ಒಪ್ಪಂದದಲ್ಲಿ ಅವುಗಳ ಪಾಲನ್ನು ನಮೂದಿಸಿದ್ದರೆ ಮಾತ್ರ ಅದು ಹೂಡಿಕೆದಾರನಿಗೆ ತಲುಪೀತು.

ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ನಮ್ಮ ಬಟ್ಟೆ ವ್ಯಾಪಾರಿಯ ಒಪ್ಪಂದವು ಒಂದೇ ಪುಟದ ಛಾಪಾ ಕಾಗದ. ‘ಲಾಭದಲ್ಲಿ ಪಾಲು’ ಎಂದಿತ್ತು. ಲಾಭವೆಂದರೆ ಏನು, ಯಾವ ಖರ್ಚುಗಳನ್ನು ಕಳೆಯಬೇಕು, ಲೆಕ್ಕವನ್ನು ಯಾರು ತೋರಿಸಬೇಕು ಎಂಬುದೊಂದೂ ಇರಲಿಲ್ಲ. ವರ್ಷಾಂತ್ಯದಲ್ಲಿ ಆ ಕಾಗದ ನನ್ನ ಮೇಜಿಗೆ ಬಂದಿತ್ತು. ಆಗ ಚಿತ್ರೀಕರಣ ಇನ್ನೂ ಅರ್ಧದಲ್ಲಿತ್ತು, ಕೊನೆಯ ಕಂತನ್ನು ಅವರು ಕೊಟ್ಟಿರಲಿಲ್ಲ. ನಾನು ಮೊತ್ತವನ್ನು ಮುಂಗಡವೆಂದು ಬರೆದು ಮುಂದಿನ ಕಡತವನ್ನು ಕೈಗೆತ್ತಿಕೊಂಡೆ. ಜಮಾ-ಖರ್ಚು ಸರಿಯಾಗಿತ್ತು, ಆದರೆ ಕೇಳಬೇಕಾಗಿದ್ದ ಪ್ರಶ್ನೆಯನ್ನು ನಾನು ಕೇಳಲಿಲ್ಲ. ಸ್ವಂತ ಹಣದಿಂದ ಟಿಕೆಟ್ ಕೊಂಡ ಆ ಹುಡುಗ, ಶುಲ್ಕ ಪಡೆದ ನನಗಿಂತ ನಿಷ್ಠುರನಾಗಿದ್ದ.

ನೋಟಿಸಿನ ವಿಷಯಕ್ಕೆ ಬರೋಣ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು, ವಿಮರ್ಶೆಯ ಉದ್ದೇಶಕ್ಕಾಗಿ ಕೃತಿಯನ್ನು ನ್ಯಾಯೋಚಿತವಾಗಿ ಬಳಸಿಕೊಳ್ಳಲು ಅವಕಾಶ ನೀಡಿದೆ. ಚಿತ್ರ ಚೆನ್ನಾಗಿಲ್ಲವೆಂದು ಕಾರಣಸಹಿತ ಹೇಳುವುದು ಅಪರಾಧವಲ್ಲ. ಇದಕ್ಕೆ ಇನ್ನೊಂದು ಮುಖವೂ ಇದೆ. ಚಿತ್ರ ಬಿಡುಗಡೆಯಾದ ಗಳಿಗೆಯಲ್ಲಿಯೇ ಉದ್ದೇಶಪೂರ್ವಕವಾಗಿ ಕೆಟ್ಟ ವಿಮರ್ಶೆಗಳನ್ನು ಹರಡುವ ದಂಧೆಯ ಕುರಿತು 2023ರಲ್ಲಿ ಕೇರಳ ಉಚ್ಚ ನ್ಯಾಯಾಲಯದಲ್ಲಿಯೇ ವಿಚಾರಣೆ ನಡೆಯಿತು. ಹಣ ಪಡೆದು ಹೊಗಳುವುದೂ ಹಣಕ್ಕಾಗಿ ತೆಗಳುವುದೂ ಒಂದೇ ತೂಕದ ವಂಚನೆಗಳು. ಹಣ ಅಥವಾ ಉಡುಗೊರೆ ಪಡೆದು ಪ್ರಚಾರ ಮಾಡುವವರು ಅದನ್ನು ಬಹಿರಂಗಪಡಿಸಬೇಕೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯೂ 2023ರಲ್ಲಿ ಮಾರ್ಗಸೂಚಿ ಹೊರಡಿಸಿದೆ.

ಖಾನಾಪುರದಲ್ಲಿ ಆ ತರುಣನನ್ನು ಭೇಟಿಯಾದಾಗ ಅವನೇ ಒಂದು ಪ್ರಶ್ನೆ ಮುಂದಿಟ್ಟ: “ಸರ್, ಮುಂದಿನ ಪಿಕ್ಚರ್‌ದವರು ಐದು ಸಾವಿರ ಕೊಡ್ತೀವಿ, ಒಳ್ಳೇದ ಹೇಳು ಅಂತಾರ್ರಿ. ಮೈಕ್ ಕೆಟ್ಟೈತಿ. ತಗೊಳ್ಳಲ್ಯಾ?” ತೆಗೆದುಕೊಂಡರೆ ಜಾಹೀರಾತೆಂದು ಘೋಷಿಸು, ಆ ಚಿತ್ರದ ವಿಮರ್ಶೆಯನ್ನು ಮಾಡಬೇಡ, ಆದಾಯವೆಂದು ಲೆಕ್ಕದಲ್ಲಿ ತೋರಿಸು ಎಂದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, ಬೇಡವೆಂದು ನಿರ್ಧರಿಸಿದ. ಐದು ಸಾವಿರ ರೂಪಾಯಿ ಅವನಿಗೆ ಸಣ್ಣ ಮೊತ್ತವಲ್ಲವೆಂಬುದನ್ನು ನಾವು ಮರೆಯಬಾರದು.

ಬಟ್ಟೆ ವ್ಯಾಪಾರಿಗೆ ಆ ಧ್ವನಿಮುದ್ರಿಕೆಯನ್ನು ನನ್ನ ಕಚೇರಿಯಲ್ಲಿಯೇ ಪೂರ್ತಿ ಕೇಳಿಸಿದೆ. ಅವರು ಅದುವರೆಗೆ ಕೇಳಿರಲಿಲ್ಲ; ಯಾರೋ ಹೇಳಿದ್ದನ್ನು ನಂಬಿದ್ದರು. ಕೊನೆಗೆ, “ಅಜ್ಜಿ ಬಗ್ಗೆ ಮಾತ್ರ ಖರೇ ಹೇಳ್ಯಾನ” ಎಂದು ಎದ್ದರು. ಪೂರ್ತಿ ಒಪ್ಪಿದರೆಂದು ನಾನು ಹೇಳಲಾರೆ. ನೋಟಿಸಿನ ಮಾತು ಮಾತ್ರ ಮತ್ತೆ ಬರಲಿಲ್ಲ.

ಈ ಹಿನ್ನೆಲೆಯಲ್ಲಿ ನನ್ನ ಕೆಲವು ಸಲಹೆಗಳಿವೆ. ಚಿತ್ರದಲ್ಲಿ ಹಣ ಹೂಡಬಯಸುವ ಸದಸ್ಯರು ಲಾಭದ ವ್ಯಾಖ್ಯೆ, ಹಕ್ಕುಗಳ ಪಾಲು ಮತ್ತು ಲೆಕ್ಕ ಪರಿಶೀಲಿಸುವ ಅಧಿಕಾರ, ಈ ಮೂರನ್ನೂ ಲಿಖಿತವಾಗಿ ಪಡೆಯಲಿ. ಕಾಗದಪತ್ರದ ಅಲಕ್ಷ್ಯಕ್ಕೆ ತೆರಬೇಕಾದ ಬೆಲೆಗೆ 1968ರ ‘ನೈಟ್ ಆಫ್ ದ ಲಿವಿಂಗ್ ಡೆಡ್’ ಚಿತ್ರವೇ ಸಾಕ್ಷಿ: ಶೀರ್ಷಿಕೆ ಬದಲಿಸುವಾಗ ಹಕ್ಕುಸ್ವಾಮ್ಯದ ಒಂದು ಸಾಲು ಬಿಟ್ಟುಹೋದ ಕಾರಣ, ಅಮೆರಿಕದಲ್ಲಿ ಅದು ಯಾರ ಸ್ವತ್ತೂ ಆಗದೆ ಉಳಿಯಿತು. ಎರಡನೆಯದಾಗಿ, ನಿರ್ಮಾಪಕರ ಹಿಂದಿನ ಚಿತ್ರಗಳ ಬಗ್ಗೆ ಇಂಥ ಒಂಟಿ ವಿಮರ್ಶಕರು ಹೇಳಿರುವುದನ್ನು ಹಣ ಕೊಡುವ ಮೊದಲು ಕೇಳಲಿ. ಅದಕ್ಕೆ ಅರ್ಧ ಗಂಟೆ ಸಾಕು. ಮೂರನೆಯದಾಗಿ, ನಮ್ಮ ಸಂಸ್ಥೆಯು ವರ್ಷಕ್ಕೊಮ್ಮೆಯಾದರೂ ಚಿತ್ರ ತಯಾರಕರು, ವಕೀಲರು, ಲೆಕ್ಕಪರಿಶೋಧಕರು ಹಾಗೂ ವಿಮರ್ಶಕರನ್ನು ಒಂದೇ ವೇದಿಕೆಗೆ ಕರೆಯಲಿ.

ನಮ್ಮ ಭಾಗದ ಕಾಡು, ಮಳೆ, ಕಥೆಗಳು ಬಂಡವಾಳವಾಗಬೇಕೆಂಬ ಆಸೆ ನನಗೂ ಇದೆ. ಖಾನಾಪುರದಲ್ಲಿ ಚಿತ್ರೀಕರಣ ನಡೆದರೆ ಊಟದವನಿಗೆ, ವಾಹನದವನಿಗೆ, ವಸತಿಗೃಹದವನಿಗೆ ದುಡಿಮೆ ಸಿಗುತ್ತದೆ. ಆದರೆ ಕೆಟ್ಟ ಚಿತ್ರಕ್ಕೆ ಹಣ ಕಳೆದುಕೊಂಡ ವ್ಯಾಪಾರಿ ಒಳ್ಳೆಯ ಚಿತ್ರಕ್ಕೂ ಹಣ ಕೊಡಲಾರ. ಆದ್ದರಿಂದ ನೇರವಾಗಿ ಮಾತನಾಡುವ ವಿಮರ್ಶಕನು ಈ ಉದ್ದಿಮೆಯ ಶತ್ರುವಲ್ಲ. ಅವನು ಸಂಬಳವಿಲ್ಲದ ಪರಿಶೋಧಕ. ಅವನ ಮಾತು ಕಹಿಯಾದಾಗ ವಕೀಲರ ವಿಳಾಸ ಹುಡುಕುವ ಬದಲು, ನಮ್ಮ ಒಪ್ಪಂದದ ಪ್ರತಿಯನ್ನು ತೆಗೆದು ಇನ್ನೊಮ್ಮೆ ಓದುವುದು ಒಳಿತು.