ಹಿತ್ತಲ ದಾರಿ ಯಾರದು?

ಸುಗ್ಗಿಯ ರೊಕ್ಕ ಕೈಗೆ ಬಂತೆಂದರೆ ಹಾನಗಲ್ಲ, ಶಿಗ್ಗಾವಿ, ಸವಣೂರ, ಹಿರೇಕೆರೂರ ಕಡೆ ಗೋಡೆಗಳು ಏಳುತ್ತವೆ. ಗೋಡೆಯ ಬೆನ್ನಿಗೇ ಜಗಳವೂ. ಹಿರೇಕೆರೂರಿನ ಸೋದರಿಯೊಬ್ಬರು ಕೇಳಿದ್ದಾರೆ: "ಅತ್ತೀಯವರ ಕಾಲದಿಂದ ಮಗ್ಗಲ ಮನೆಯವರ ಹಿತ್ತಲದಾಗ ಹಾದು ಹಿಂದಿನ ಓಣಿಗೆ ಹೋಗ್ತಿದ್ವಿ. ದನ ಬರೋದೂ ಅಲ್ಲೇ. ಈಗ ಅವರು ಬುನಾದಿ ತೋಡ್ಯಾರ. ಆ ದಾರಿ ನಮ್ಮದಲ್ಲೇನ್ರಿ?"

ನೆಲ ಅವರದೇ, ತಂಗಿ. ಆದರೆ ಓಡಾಡುವ ಹಕ್ಕು ನಿಮ್ಮದಾಗಿರಬಹುದು. 1882ರ ಈಸ್‌ಮೆಂಟ್ ಕಾಯಿದೆಯ ಪ್ರಕಾರ, ದಾರಿಯೊಂದನ್ನು 20 ವರ್ಷ ಎಡೆಬಿಡದೆ, ಎಲ್ಲರ ಕಣ್ಣೆದುರು, ತಂಟೆಯಿಲ್ಲದೆ, ಹಕ್ಕೆಂದೇ ಬಳಸಿದ್ದರೆ ಅದು ಹಕ್ಕಾಗಿ ನಿಲ್ಲುತ್ತದೆ. 'ಹಕ್ಕೆಂದೇ' ಎಂಬ ಮಾತು ಮುಖ್ಯ. "ಅಕ್ಕಾರ, ಹಾದು ಹೋಗ್ಲೇನ್ರಿ?" ಎಂದು ನೀವು ಕೇಳಿ, "ಹೋಗವಾ" ಎಂದು ಅವರು ಅನ್ನುತ್ತ ಬಂದಿದ್ದರೆ ಅದು ಬರೀ ಅನುಮತಿ, ಐವತ್ತು ವರ್ಷ ನಡೆದರೂ ಹಕ್ಕಾಗದು. ಮರ್ಯಾದೆಯಿಂದ ಕೇಳಿದವಳಿಗೇ ನಷ್ಟವೇ? ನನಗೂ ಇದು ಸರಿ ಕಾಣದು, ಆದರೆ ಕಾಯಿದೆ ಹಾಗಿದೆ.

ಇನ್ನೊಂದನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ. ಓಡಾಟ ನಿಂತ 2 ವರ್ಷದೊಳಗೆ ದಾವೆ ಹಾಕಬೇಕು. "ಹಬ್ಬ ಮುಗೀಲಿ, ಮಗಳ ಮದುವಿ ಆಗ್ಲಿ" ಎಂದು ಕೂತರೆ ಹಿಂದಿನ 20 ವರ್ಷದ ಬಳಕೆ ನೆರವಿಗೆ ಬಾರದು.

ಅಣ್ಣತಮ್ಮಂದಿರ ವಾಟಣಿಯಲ್ಲಿ ಒಂದು ಮನೆಗೆ ಹೊರಬರಲು ದಾರಿಯೇ ಉಳಿಯದಿದ್ದರೆ ಮಾತು ಬೇರೆ. ಅಲ್ಲಿ 20 ವರ್ಷ ಬೇಕಿಲ್ಲ. ಆದರೆ "ಮುಂದಿನ ಬಾಗಿಲಿಂದ ಸುತ್ತಾಗ್ತದ" ಎಂದರೆ ಸಾಲದು.

ಮೊದಲು ಟ್ರಂಕಿನೊಳಗಿನ ವಾಟಣಿ ಪತ್ರ, ಖರೀದಿ ಪತ್ರ ತೆಗೆಸಿ ನೀವೇ ಓದಿ. ಗಂಡಸರ ಕಾಗದವೆಂದು ಬಿಡಬೇಡಿ. ಚೆಕ್ಕುಬಂದಿಯಲ್ಲಿ 'ಸಾಮಾಯಿಕ ದಾರಿ' ಎಂದಿದ್ದರೆ ಅರ್ಧ ಗೆದ್ದಂತೆ. ಹೊಲದ ಬದುವಿನ ತಕರಾರಾದರೆ ನಾಡಕಚೇರಿಯಲ್ಲಿ ಹದ್ದುಬಸ್ತಿಗೆ ಅರ್ಜಿ ಕೊಡಬಹುದು. ಸರ್ವೆಯವರು ಗಡಿ ತೋರಿಸುತ್ತಾರೆ ಅಷ್ಟೇ. ದಾರಿಯ ಹಕ್ಕನ್ನು ತೀರ್ಮಾನಿಸುವುದು ಸಿವಿಲ್ ಕೋರ್ಟು. ವಕೀಲರ ಫೀಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಕಾಯಿದೆಯಂತೆ ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಉಚಿತ ನೆರವು ಇದೆ. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ.

ಬುನಾದಿ ಇನ್ನೂ ನೆಲದ ಮಟ್ಟದಲ್ಲೇ ಇದೆಯಲ್ಲ, ಅದಕ್ಕೂ ಮೊದಲು ಮಗ್ಗಲ ಮನೆಗೆ ಹೋಗಿ ಮಾತಾಡಿ. ಮೂರಡಿ ಬಿಡಲು ಒಪ್ಪಿದರೆ ಬಾಯಿಮಾತಿಗೇ ನಿಲ್ಲಿಸದೆ, ಅಗಲ ಎಷ್ಟು, ದನ ಹಾಯಬಹುದೇ, ಬಚ್ಚಲ ನೀರು ಯಾವ ಕಡೆ ಹರಿಯಬೇಕು, ಎಲ್ಲವನ್ನೂ ಬರೆಸಿ ಸಬ್‌ರಿಜಿಸ್ಟ್ರಾರರಲ್ಲಿ ನೋಂದಾಯಿಸಿ. ಅಳತೆಯನ್ನು ಅಡಿಯಲ್ಲೇ ಬರೆಸಿ. 'ದನ ಹಾಯುವಷ್ಟು' ಎಂದು ಬರೆದರೆ ಎಮ್ಮೆಯೋ ಕರುವೋ ಎಂದು ಮತ್ತೆ ಜಗಳ.